ಸಹಿ ಹಾಕುವ ಮೊದಲು ವಕೀಲರನ್ನು ಕಾಣಿ

ನಮ್ಮ ಭಾಗದ ಅಪಘಾತದ ಸುದ್ದಿಗಳೆಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತವೆ: 'ಈ ಸಂಬಂಧ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.' ಪತ್ರಿಕೋದ್ಯಮ ಓದಿ ಬಂದ ನಾವೂ ಇಂಥ ಸುದ್ದಿಗಳನ್ನು ಬರೆದಿದ್ದೇವೆ. ಸತ್ತವರ ಹೆಸರು, ವಯಸ್ಸು, ಊರು, ಗಾಯಾಳುಗಳನ್ನು ಸೇರಿಸಿದ ಆಸ್ಪತ್ರೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆ ಮನೆಯವರ ಅಲೆದಾಟ ಶುರುವಾಗುವುದು ಅಲ್ಲಿಂದಲೇ.

ಕೂಡ್ಲಿಗಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುತ್ತದೆ. ಕೊಟ್ಟೂರಿನ ತೇರಿಗೆ ಜನ ರಸ್ತೆಯಂಚಿನಲ್ಲಿ ಪಾದಯಾತ್ರೆ ಬರುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಮನೆಮಂದಿಯೆಲ್ಲ ಹೋಗುತ್ತಾರೆ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಹಳ್ಳಿಗಳಿಂದ ದುಡಿಯಲು ದೂರದ ಊರುಗಳಿಗೆ ಹೋಗುವವರದ್ದೂ ರಸ್ತೆಯ ಮೇಲಿನ ಬದುಕೇ. 2023ರ ಅಕ್ಟೋಬರ್ 9ರಂದು ಹರಪನಹಳ್ಳಿ ತಾಲ್ಲೂಕಿನ ಕೂಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮುಗಿಸಿ ಹೊಸಪೇಟೆಗೆ ಮರಳುತ್ತಿದ್ದ ಏಳು ಮಂದಿ ಒಂದೇ ಅಪಘಾತದಲ್ಲಿ ತೀರಿಕೊಂಡದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ.

ಇಂಥ ಸಾವಾದ ಮೂರನೇ ದಿನಕ್ಕೋ ಹನ್ನೊಂದನೇ ದಿನಕ್ಕೋ ಊರ ಕಟ್ಟೆಯ ಮೇಲೆ ರಾಜಿ ಮಾತು ಬರುತ್ತದೆ. ವಾಹನದ ಮಾಲೀಕನ ಕಡೆಯವರು, ಊರ ಹಿರಿಯರು, ಪರಿಚಯದ ಮುಖಂಡರು ಕೂರುತ್ತಾರೆ. "ಹೋದ ಜೀವ ವಾಪಸ್ ಬರ್ತೈತೇನಪ್ಪಾ? ಕೋರ್ಟು ಕಚೇರಿ ಯಾಕ್ ಬೇಕು? ಎರಡು ಲಕ್ಷ ಕೊಡಸ್ತೀವಿ, ಮಕ್ಕಳ ಹೆಸರಿಗೆ ಇಟ್ಕೊಳ್ರಿ" ಎನ್ನುತ್ತಾರೆ. ಹೇಳುವವರಲ್ಲಿ ಎಲ್ಲರೂ ಕೆಟ್ಟವರಲ್ಲ. ಆದರೆ ಆ ಎರಡು ಲಕ್ಷ ಯಾವ ಲೆಕ್ಕದಲ್ಲಿ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕಾನೂನಿಗೆ ಲೆಕ್ಕವಿದೆ. ತಿಂಗಳಿಗೆ 12,000 ರೂಪಾಯಿ ದುಡಿಯುವ 35 ವರ್ಷದ ಗಾರೆ ಕೆಲಸದವನೊಬ್ಬ ಎದುರಿನ ವಾಹನದ ತಪ್ಪಿನಿಂದ ತೀರಿಕೊಂಡ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳ ಪ್ರಕಾರ, ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಗೆ ಶೇ 40 ಸೇರಿಸಬೇಕು. ಅದು 16,800 ಆಗುತ್ತದೆ. ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 12,600. ವರ್ಷಕ್ಕೆ 1,51,200. ಆ ವಯಸ್ಸಿಗೆ ಗುಣಕ 16. ಒಟ್ಟು 24,19,200 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಮತ್ತಿತರ ಬಾಬ್ತುಗಳು ಇದರ ಮೇಲೆ. ಕಟ್ಟೆಯ ಮೇಲೆ ಬಿಟ್ಟುಕೊಟ್ಟದ್ದು ಎಷ್ಟೆಂದು ಓದುಗರೇ ನೋಡಲಿ.

ಇನ್ನೊಂದು ಮಾತು. ಸಾವಾದ ಪ್ರಕರಣದಲ್ಲಿ ಕ್ರಿಮಿನಲ್ ಕೇಸು ಊರ ರಾಜಿಯಿಂದ ಮುಗಿಯುವುದಿಲ್ಲ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ. ರಾಜಿಯಾದವರು ಮಾಡುವುದು ಇಷ್ಟೇ: ಸಾಕ್ಷಿ ಹೇಳುವಾಗ 'ನನಗೇನೂ ಗೊತ್ತಿಲ್ಲ' ಎನ್ನುತ್ತಾರೆ. ಆ ಮಾತು ಪರಿಹಾರದ ಕೇಸಿಗೂ ಪೆಟ್ಟು ಕೊಡುತ್ತದೆ.

ಹಾಗೆಂದು ಎಲ್ಲದಕ್ಕೂ ವಕೀಲರ ಬಳಿ ಓಡಿ ಎಂದು ನಾವು ಹೇಳುವುದಿಲ್ಲ. ಬೈಕಿನ ಬಂಪರ್ ಮುರಿದು ಮೈಗೆ ತರಚಿದ ಗಾಯವಷ್ಟೇ ಆಗಿದ್ದರೆ ನಿಮ್ಮ ವಿಮೆಯಲ್ಲೋ ಮಾತುಕತೆಯಲ್ಲೋ ಮುಗಿಸಿಕೊಳ್ಳಬಹುದು. ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದಕ್ಕೆ ವಕೀಲರು ಬೇಡ, ಆಸ್ಪತ್ರೆಯಲ್ಲಿ ಕೇಳಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ಈ ಯೋಜನೆಯ ಅರ್ಜಿಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಇದನ್ನೂ ನೀವೇ ಮಾಡಬಹುದು.

ಹಾಗಾದರೆ ವಕೀಲರು ಬೇಕಾಗುವುದು ಯಾವಾಗ? ಸಾವಾದಾಗ. ಮೂಳೆ ಮುರಿದಾಗ, ಆಪರೇಷನ್ ಆದಾಗ, ಕೈಕಾಲು ಮೊದಲಿನಂತೆ ಆಡದಾಗ. ಡಾಕ್ಟರ ಪ್ರಮಾಣಪತ್ರದಲ್ಲಿ ಶೇ 30 ಎಂದಿರಬಹುದು, ಆದರೆ ಹಮಾಲಿಯ ತೋಳು ಹೋದರೆ ಅವನ ದುಡಿಮೆಯೇ ಹೋದಂತೆ. ದೇಹದ ಊನವನ್ನಷ್ಟೇ ನೋಡದೆ ದುಡಿಮೆಯ ನಷ್ಟವನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದನ್ನು ನ್ಯಾಯಮಂಡಳಿಯ ಮುಂದೆ ಯಾರಾದರೂ ವಾದಿಸಿ ತೋರಿಸಬೇಕು.

ಎದುರಿನ ವಾಹನಕ್ಕೆ ವಿಮೆ ಇಲ್ಲದಿದ್ದರೆ, ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಎರಡು ಮೂರು ವಾಹನಗಳು ಸೇರಿ ಅಪಘಾತವಾಗಿದ್ದರೆ, ಸತ್ತವನ ಮೇಲೆಯೇ ತಪ್ಪು ಹೊರಿಸಿ ಪ್ರಕರಣ ದಾಖಲಾಗಿದ್ದರೆ ತಡಮಾಡಬೇಡಿ. ಟ್ರ್ಯಾಕ್ಟರ್ ಟ್ರೇಲರ್, ಟಾಟಾ ಏಸ್‌ನಲ್ಲಿ ಕುಳಿತು ಹೋದವರ ಕೇಸು ಎಲ್ಲಕ್ಕಿಂತ ಕಷ್ಟ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಹೋದ ಪ್ರಯಾಣಿಕರಿಗೆ ವಿಮೆ ಅನ್ವಯಿಸದು ಎಂದು ಕಂಪನಿಗಳು ವಾದಿಸುತ್ತವೆ. ಸುಪ್ರೀಂ ಕೋರ್ಟಿನ 2002ರ ಆಶಾ ರಾಣಿ ತೀರ್ಪು ಅವರ ಬೆನ್ನಿಗಿದೆ. ಜಾತ್ರೆಗೆ ಹೊರಟಿದ್ದರೋ, ಕೂಲಿಗೆ ಕರೆದೊಯ್ದಿದ್ದರೋ, ಸ್ವಂತ ಸರಕಿನ ಜೊತೆ ಕುಳಿತಿದ್ದರೋ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಮೊದಲ ಹೇಳಿಕೆಯಲ್ಲೇ ನಿಜವನ್ನು ಸ್ಪಷ್ಟವಾಗಿ ಬರೆಸಿ.

ಆಸ್ಪತ್ರೆಯ ಚೀಟಿಯ ಬಗ್ಗೆಯೂ ಹೇಳಬೇಕು. ಪೊಲೀಸ್ ರಗಳೆ ಬೇಡವೆಂದು 'ತಾನೇ ಬೈಕಿಂದ ಬಿದ್ದ' ಎಂದು ಬರೆಸುವವರಿದ್ದಾರೆ. ಆ ಒಂದು ಸಾಲನ್ನು ಹಿಡಿದುಕೊಂಡೇ ವಿಮಾ ಕಂಪನಿಯವರು ಮುಂದೆ ಕೇಸು ಅಲ್ಲಗಳೆಯುತ್ತಾರೆ.

2022ರ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ಆಮೇಲೆ ವಿಮಾ ಕಂಪನಿ 30 ದಿನದಲ್ಲಿ ತನ್ನ ನಿರ್ಧಾರ ತಿಳಿಸಬೇಕು. ಕಾಗದದ ಮೇಲೆ ಇದು ಬಡವರಿಗೆ ಅನುಕೂಲವೇ. ಆದರೆ ಕಂಪನಿ ಹೇಳಿದ ಮೊತ್ತ ಸರಿಯೋ ಕಡಿಮೆಯೋ ಎಂದು ಮೇಲಿನ ಲೆಕ್ಕ ಗೊತ್ತಿದ್ದವರೇ ಹೇಳಬಲ್ಲರು. ಲೋಕ ಅದಾಲತ್ತೂ ಹಾಗೆಯೇ. ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ.

ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳ ಗಡುವಿದೆ. ಇದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ. ದುಡಿಯಲು ಹೋದವರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಅಪಘಾತಕ್ಕೆ ಸಿಕ್ಕರೆ ಅಲ್ಲಿಗೇ ಅಲೆಯಬೇಕಿಲ್ಲ, ಅರ್ಜಿದಾರರು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು.

ಇನ್ನು ಎಂಥ ವಕೀಲರು? ಆಸ್ಪತ್ರೆಯ ಮಂಚದ ಬಳಿಗೆ ತಾವಾಗಿ ಬಂದು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ದೂರವಿಡಿ. ಮಧ್ಯವರ್ತಿಗಳ ಮೂಲಕ ಕೇಸು ಹಿಡಿಯುವುದು, ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಫೀಸು ಎಷ್ಟೆಂದು ಮೊದಲೇ ಮಾತಾಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಪಾಸ್‌ಬುಕ್ ಮತ್ತು ಖಾಲಿ ಚೆಕ್ಕನ್ನು ಯಾರ ಕೈಗೂ ಕೊಡಬೇಡಿ. ಪ್ರಾಮಾಣಿಕವಾಗಿ ನಡೆದುಕೊಳ್ಳುವ ವಕೀಲರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ, ಕೇಸು ನಡೆಸಿದವರನ್ನು ವಿಚಾರಿಸಿದರೆ ಗೊತ್ತಾಗುತ್ತದೆ.

ದುಡ್ಡಿಲ್ಲ ಎಂದು ಹಿಂಜರಿಯುವುದೂ ಬೇಡ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ಗಂಡನನ್ನು ಕಳೆದುಕೊಂಡ ಯಾವ ಹೆಣ್ಣುಮಗಳೂ ಬಡತನಕ್ಕೆ ಹೆದರಿ ಕಟ್ಟೆಯ ರಾಜಿಗೆ ತಲೆಬಾಗಬೇಕಿಲ್ಲ.

ಊರ ಹಿರಿಯರಲ್ಲಿ ನಮ್ಮ ಕೋರಿಕೆ: ಕೂತು ಮಾತಾಡಿ, ಬೇಡವೆನ್ನುವುದಿಲ್ಲ. ಆದರೆ ಕಾಗದಕ್ಕೆ ಸಹಿ ಮಾಡಿಸುವ ಮೊದಲು ಆ ಮನೆಯವರನ್ನು ಒಮ್ಮೆ ವಕೀಲರ ಬಳಿ ಕರೆದೊಯ್ಯಿರಿ. ಪತ್ರಿಕೆಗಳಿಗೆ ಬರೆಯುವ ನಮಗೂ ಒಂದು ಕೆಲಸವಿದೆ. 'ಪ್ರಕರಣ ದಾಖಲಾಗಿದೆ' ಎಂದು ಬರೆದು ಆರು ತಿಂಗಳಾದ ಮೇಲೆ ಆ ಮನೆಗೆ ಮತ್ತೊಮ್ಮೆ ಹೋಗಿ, ಅರ್ಜಿ ಹಾಕಿದ್ದೀರಾ ಎಂದು ಕೇಳಬೇಕು.