ಅಳಿವೆಯ ಮೀನು, ಗಾಜಿನ ತೊಟ್ಟಿ ಮತ್ತು ನಮ್ಮ ಹೊಣೆ

ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ನಮ್ಮ ಸದಸ್ಯರ ಮನೆಗಳಲ್ಲಿ ಮೀನಿನ ತೊಟ್ಟಿ ಈಗ ಅಪರೂಪದ ನೋಟವಲ್ಲ. ನಾಯಿ, ಬೆಕ್ಕುಗಳಿಗೆ ಅನುಮತಿಯಿಲ್ಲದ ಅಪಾರ್ಟ್‌ಮೆಂಟುಗಳಲ್ಲಿಯೂ ಮಕ್ಕಳ ಆಸೆಗೆ ಮೀನು ಒದಗಿಬರುತ್ತದೆ. ಇದು ಸಂತೋಷದ ಸಂಗತಿಯೇ. ಆದರೆ ಅಂಗಡಿಗಳಲ್ಲಿ ಸಿಹಿನೀರಿನ ಮೀನುಗಳ ಸಾಲಿನಲ್ಲಿಯೇ ಮಾರಾಟಕ್ಕಿರುವ ಕೆಲವು ಜಾತಿಗಳು ನಿಜಕ್ಕೂ ಸಿಹಿನೀರಿನವಲ್ಲ. ಚುಕ್ಕೆಗಳ ಸ್ಕ್ಯಾಟ್, ಬೆಳ್ಳಿಬಣ್ಣದ ಮೋನೋ, ಹಸಿರು ಪಫರ್ ಮುಂತಾದವು ನದಿಯು ಕಡಲನ್ನು ಸೇರುವ ಅಳಿವೆಗಳ ಸವುಳು ನೀರಿನ ಜೀವಿಗಳು. ಇವುಗಳನ್ನು ಕೊಳ್ಳುವ ಮುನ್ನ ನಾವು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಬೇಕಾದ ನೀರನ್ನು ನಾವು ಕೊಡಬಲ್ಲೆವೇ? ನಾವು ಊರು ಬಿಟ್ಟಾಗ ಇದರ ಗತಿಯೇನು?

ಸವುಳು ನೀರು ಕರಾವಳಿಯ ಕನ್ನಡಿಗರಿಗೆ ಹೊಸತಲ್ಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವೆಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನ ಬಳಿಕ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿ, ಮೀನು, ಸೀಗಡಿಗಳ ಬೆಳೆ ಬರುತ್ತದೆ. ಈ ಅಳಿವೆಯನ್ನು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಯಿತು. ನಮ್ಮ ನಾಡಿನ ಹೆಸರನ್ನೇ ಹೊತ್ತ ಮೀನೊಂದೂ ಇದೆ. 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು ವಿವರಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ದಕ್ಷಿಣ ಕನ್ನಡದ ಹೊಳೆಗಳ ಮೀನು. ಅದರ ವಾಸ ಸಿಹಿನೀರಿನಲ್ಲಿ. ಅದರ ಸೋದರಜಾತಿಯಾದ ಎಟ್ರೋಪ್ಲಸ್ ಸುರಟೆನ್ಸಿಸ್, ಅಂದರೆ ಕೇರಳದವರು ಕರಿಮೀನ್ ಎನ್ನುವ ಮೀನು, ಹಿನ್ನೀರಿನ ಸವುಳಿನಲ್ಲಿ ಬೆಳೆಯುತ್ತದೆ. ನೋಡಲು ಒಂದೇ ಮನೆತನದವು, ಬೇಕಾದ ನೀರು ಮಾತ್ರ ಬೇರೆ. ರೂಪವನ್ನು ನೋಡಿ ನೀರನ್ನು ನಿರ್ಧರಿಸಲಾಗದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಉಪ್ಪಿಗೂ ಮೀನಿನ ಪ್ರಾಣಕ್ಕೂ ಇರುವ ಸಂಬಂಧ ಸರಳವಾದುದು. ಸಿಹಿನೀರಿನಲ್ಲಿ ಮೀನಿನ ದೇಹವು ಸುತ್ತಲಿನ ನೀರಿಗಿಂತ ಹೆಚ್ಚು ಉಪ್ಪುಳ್ಳದ್ದು. ಆದ್ದರಿಂದ ನೀರು ಒಳನುಗ್ಗುತ್ತಿರುತ್ತದೆ. ಮೀನು ಅದನ್ನು ಮೂತ್ರದ ಮೂಲಕ ಹೊರಹಾಕುತ್ತ, ಕಿವಿರುಗಳಿಂದ ಲವಣವನ್ನು ಹೀರಿಕೊಳ್ಳುತ್ತಿರಬೇಕು. ಕಡಲಿನಲ್ಲಿ ಇದಕ್ಕೆ ವಿರುದ್ಧವಾಗಿ ನೀರು ಕುಡಿದು, ಕಿವಿರುಗಳಿಂದ ಉಪ್ಪನ್ನು ಹೊರಹಾಕಬೇಕು. ಅಳಿವೆಯ ಮೀನು ಎರಡನ್ನೂ ಬಲ್ಲದು. ಹಾಗೆಂದು ಬರಿಯ ಸಿಹಿನೀರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅದು ಸುಖವಾಗಿರುತ್ತದೆಂದು ಅರ್ಥವಲ್ಲ. ಅನೇಕ ಜಾತಿಗಳು ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಕಂಡು, ಮೆಲ್ಲಮೆಲ್ಲನೆ ಬಣ್ಣಗೆಟ್ಟು, ರೋಗಕ್ಕೆ ತುತ್ತಾಗುತ್ತವೆ. ಮಕ್ಕಳು ‘ಯಾಕೆ ಸತ್ತಿತು?’ ಎಂದಾಗ ‘ಆಯುಷ್ಯ ಮುಗಿಯಿತು’ ಎಂದುಬಿಡುವುದು ಸುಲಭ. ಆದರೆ ಅದು ನಿಜವಾದ ಉತ್ತರವಲ್ಲ.

ಸರಿಯಾದ ನೀರನ್ನು ಸಿದ್ಧಪಡಿಸುವುದು ಕಷ್ಟದ ಕೆಲಸವೇನೂ ಅಲ್ಲ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಸವುಳು ನೀರಿನ ತೊಟ್ಟಿಗೆ ಜಾತಿಯನ್ನು ನೋಡಿ 5ರಿಂದ 15 ಗ್ರಾಂ ಸಾಕು. ಅಡುಗೆಯ ಉಪ್ಪು ಸಲ್ಲದು. ಕಡಲ ಮೀನುಗಳಿಗೆಂದೇ ಮಾರುವ ಲವಣಮಿಶ್ರಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಅಳೆದು, ಅನಂತರ ತೊಟ್ಟಿಗೆ ಹಾಕಬೇಕು. ಒಂದು ಸೂಕ್ಷ್ಮವನ್ನು ಮರೆಯಬಾರದು: ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದುದರಿಂದ ತಗ್ಗಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಹಳೆಯ ನೀರನ್ನು ತೆಗೆದು ಬದಲಿಸುವಾಗ ಮಾತ್ರ ಉಪ್ಪು ಬೆರೆಸಿದ ನೀರು ಬೇಕು.

ನಮ್ಮ ಮೂರೂ ನಗರಗಳ ನಲ್ಲಿನೀರಿಗೆ ಸೋಂಕು ನಿವಾರಣೆಗಾಗಿ ಕ್ಲೋರಮೈನ್ ಬೆರೆಸುತ್ತಾರೆ. ಊರಿನಲ್ಲಿ ಹಿರಿಯರು ಮಾಡುತ್ತಿದ್ದಂತೆ ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮೈನ್ ಹೋಗುವುದಿಲ್ಲ. ಅದನ್ನು ನಿಷ್ಕ್ರಿಯಗೊಳಿಸುವ ದ್ರಾವಣವನ್ನು ತಪ್ಪದೆ ಬಳಸಬೇಕು. ಇನ್ನು, ಹೊಸ ತೊಟ್ಟಿಯಲ್ಲಿ ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹುಟ್ಟುಹಬ್ಬದ ದಿನವೇ ತೊಟ್ಟಿ, ಅಂದೇ ಮೀನು ಎಂಬ ಅವಸರಕ್ಕೆ ಇಲ್ಲಿ ಎಡೆಯಿಲ್ಲ.

ನೀರಿಗಿಂತಲೂ ದೊಡ್ಡ ಪ್ರಶ್ನೆ ಗಾತ್ರ ಮತ್ತು ಕಾಲದ್ದು. ಅಂಗಡಿಯಲ್ಲಿ ನಾಣ್ಯದಷ್ಟಿರುವ ಸ್ಕ್ಯಾಟ್ ಊಟದ ತಟ್ಟೆಯಷ್ಟು, ಅಂದರೆ 30 ಸೆಂಟಿಮೀಟರಿನವರೆಗೆ ಬೆಳೆಯಬಲ್ಲದು. ಹತ್ತು ವರ್ಷ ಬದುಕಬಲ್ಲದು. ಗುಂಪಿನಲ್ಲಿರಬಯಸುವ ಈ ಮೀನಿಗೆ ನೂರು ಗ್ಯಾಲನ್ನಿಗೂ ಮಿಕ್ಕ ತೊಟ್ಟಿ ಬೇಕು. ಆ ಹತ್ತು ವರ್ಷಗಳಲ್ಲಿ ನಮ್ಮ ಕುಟುಂಬಗಳು ಎಷ್ಟು ಬಾರಿ ಮನೆ ಬದಲಿಸುತ್ತವೆ! ಇಂದು ಪ್ಲೇನೋ, ನಾಳೆ ಕೇಟಿ, ನಾಡಿದ್ದು ಬೆಂಗಳೂರು. ಬೇಸಿಗೆಯ ರಜೆಯಲ್ಲಿ ಆರು ವಾರ ಭಾರತಕ್ಕೆ ಹೋಗುವವರು ನಾವು. ಇದಲ್ಲದೆ ಟೆಕ್ಸಾಸಿನ ಹವೆಯೂ ಇದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ, 2024ರ ಜುಲೈನಲ್ಲಿ ಹ್ಯೂಸ್ಟನ್ನಿಗೆ ಬಡಿದ ಬೆರಿಲ್ ಚಂಡಮಾರುತದಲ್ಲಿ ಎಷ್ಟೋ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಮನೆಯಲ್ಲಿರಬೇಕೆಂಬುದು ಆ ದಿನಗಳು ಕಲಿಸಿದ ಪಾಠ.

ಸಾಕಲಾಗದಾಗ ಕೆಲವರಿಗೆ ಹೊಳೆಯುವ ಉಪಾಯ ‘ಹೊಳೆಗೆ ಬಿಟ್ಟರಾಯಿತು, ಪುಣ್ಯ ಬರುತ್ತದೆ’ ಎಂಬುದು. ಈ ಭಾವನೆ ನಮ್ಮ ಸಂಸ್ಕಾರದಿಂದಲೇ ಬಂದದ್ದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಆದರೆ ಆ ಮೀನುಗಳು ತಮ್ಮದೇ ಹೊಳೆಯಲ್ಲಿವೆ. ಹೊರಗಿನಿಂದ ತಂದು ಬಿಟ್ಟವಲ್ಲ. ಆಸ್ಟಿನ್ನಿಗೆ ಹತ್ತಿರದ ಸ್ಯಾನ್ ಮಾರ್ಕೋಸ್ ನದಿಯಲ್ಲಿ ತೊಟ್ಟಿಗಳಿಂದ ಬಂದ ದಕ್ಷಿಣ ಅಮೆರಿಕದ ಸಕ್ಕರ್‌ಮೌತ್ ಮೀನುಗಳು ದಡಗಳಲ್ಲಿ ಬಿಲ ತೋಡಿ ಗೂಡುಕಟ್ಟಿ, ಆ ನದಿಯ ಮೂಲಜೀವಿಗಳಿಗೆ ಕುತ್ತಾಗಿವೆ. ಸಾಕಿದ ಮೀನನ್ನು ಸಾರ್ವಜನಿಕ ಜಲಕ್ಕೆ ಬಿಡುವುದು ಟೆಕ್ಸಾಸಿನಲ್ಲಿ ಕಾನೂನಿಗೂ ವಿರುದ್ಧ. ಒಂದು ಜೀವಕ್ಕೆ ದಯೆ ತೋರಲು ಹೋಗಿ ಒಂದು ನದಿಗೆ ಕೇಡು ಮಾಡುವುದು ಯಾವ ಲೆಕ್ಕದಲ್ಲಿಯೂ ಪುಣ್ಯವಾಗದು.

‘ಇಷ್ಟೆಲ್ಲ ತೊಡಕಿದ್ದರೆ ಸಾಕದಿರುವುದೇ ಮೇಲಲ್ಲವೇ?’ ಎಂದು ಕೇಳುವವರಿದ್ದಾರೆ. ಸ್ಕ್ಯಾಟ್, ಮೋನೋಗಳ ಮಟ್ಟಿಗೆ ಬಹುಪಾಲು ಮನೆಗಳಿಗೆ ನನ್ನ ಉತ್ತರವೂ ಅದೇ. ಆದರೆ ಸವುಳು ನೀರಿನ ತೊಟ್ಟಿಯನ್ನೇ ತೊರೆಯಬೇಕಿಲ್ಲ. ಮೆಕ್ಸಿಕೋ ಕೊಲ್ಲಿಯ ತೀರದ, ಟೆಕ್ಸಾಸಿನ ಅಳಿವೆಗಳದೇ ಆದ ಸೈಲ್‌ಫಿನ್ ಮೋಲಿ ಇದೆ. ಬೆನ್ನಿನ ರೆಕ್ಕೆಯನ್ನು ಹಾಯಿಯಂತೆ ಬಿಚ್ಚುವ ಈ ಚೆಲುವ ಮೀನು ಬೆಳೆದರೂ ಅಂಗೈಯುದ್ದವನ್ನು ಮೀರುವುದು ವಿರಳ. ಸವುಳು ನೀರು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮರಿಹಾಕುವ ಜಾತಿಯಾದ್ದರಿಂದ ಗಂಡುಗಳನ್ನಷ್ಟೇ ಇಟ್ಟರೆ ಸಂತಾನ ಮಿತಿಮೀರುವ ಚಿಂತೆಯಿಲ್ಲ.

ಈ ಪುಟ್ಟ ತೊಟ್ಟಿಯ ಮುಂದೆ ಕುಳಿತು ಮಕ್ಕಳಿಗೆ ಹೇಳಬೇಕಾದ ಕಥೆ ದೊಡ್ಡದು. ಡಲ್ಲಸ್ ನಗರವನ್ನು ಹಾದ ಟ್ರಿನಿಟಿ ನದಿ, ಅಲ್ಲಿನ ಊರುಗಳು ಬಳಸಿ ಶುದ್ಧೀಕರಿಸಿ ಬಿಟ್ಟ ನೀರನ್ನೂ ಹೊತ್ತು, ಹ್ಯೂಸ್ಟನ್ನಿಗೆ ಕುಡಿಯುವ ನೀರು ಒದಗಿಸುವ ಲಿವಿಂಗ್‌ಸ್ಟನ್ ಜಲಾಶಯವನ್ನು ತುಂಬಿ, ಕೊನೆಗೆ ಗ್ಯಾಲ್ವೆಸ್ಟನ್ ಕೊಲ್ಲಿಯನ್ನು ಸೇರುತ್ತದೆ. ಆಸ್ಟಿನ್ನಿನ ಕೊಲೊರಾಡೋ ನದಿ ಮ್ಯಾಟಗೋರ್ಡ ಕೊಲ್ಲಿಯ ಕಡೆಗೆ ಹರಿಯುತ್ತದೆ. ನಾವು ಚರಂಡಿಗೆ ಸುರಿದದ್ದೆಲ್ಲ ಯಾವುದೋ ಅಳಿವೆಯ ಪಾಲಾಗುತ್ತದೆ. ಅಳಿವೆಯ ಮೀನನ್ನು ವಲಸೆ ಬಂದ ನಮ್ಮ ಬಾಳಿಗೆ ಹೋಲಿಸಿ ಮಾತನಾಡುವುದು ನಮ್ಮಲ್ಲಿ ರೂಢಿ. ಹೋಲಿಕೆ ಸೊಗಸಾಗಿದೆ, ಆದರೆ ಮೀನಿಗೆ ಬೇಕಾದದ್ದು ಹೋಲಿಕೆಯಲ್ಲ, ಅಳೆದು ಬೆರೆಸಿದ ಉಪ್ಪು.

ಕಡೆಯದಾಗಿ, ಮೂರೂ ನಗರಗಳ ಕನ್ನಡ ಸಂಘಗಳಿಗೆ ಒಂದು ಸಲಹೆ. ಮೀನು ಸಾಕುವ ಕುಟುಂಬಗಳ ಪಟ್ಟಿಯೊಂದನ್ನು ಸ್ವಯಂಸೇವಕರು ಇಟ್ಟುಕೊಳ್ಳಲಿ. ಊರಿಗೆ ಹೋಗುವವರ ತೊಟ್ಟಿಯನ್ನು ಉಳಿದವರು ನೋಡಿಕೊಳ್ಳಲಿ. ಊರು ಬಿಡುವವರ ಮೀನನ್ನು ಪಳಗಿದವರು ಪಡೆಯಲಿ. ರಾಜ್ಯೋತ್ಸವದ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಿ, ಲವಣವನ್ನು ಅಳೆಯುವ ಬಗೆಯನ್ನು ಮಕ್ಕಳಿಂದಲೇ ತೋರಿಸೋಣ. ಹಣದ ಖರ್ಚು ಹೆಚ್ಚಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸಲು ನಾಲ್ಕು ಮನೆಗಳು ಮುಂದೆ ಬಂದರೂ ಕೆಲಸ ಆರಂಭವಾದಂತೆಯೇ.