ಟಿವಿ ಇತಿಹಾಸದಾಗ ನೋಡಿದವ್ರಿಗೆ ಜಾಗಾನ ಇಲ್ಲೇನ್ರಿ?

ಅಕ್ಕಾರ, ವೈನ್ಯಾರ, ಒಂದ ಮಾತ ಕೇಳತೀನಿ. ಹಳೇ ದೂರದರ್ಶನದ ಕಥಿ ಹೇಳೂ ಸಾಕ್ಷ್ಯಚಿತ್ರ ಮೊಬೈಲಿನ್ಯಾಗ ನೀವೂ ನೋಡಿರಬೇಕು. ಅದ್ರಾಗ ನಮ್ಮಂಥವ್ರು ಎಲ್ಲೆರೆ ಕಂಡಾರೇನು?

ನಾ ನೋಡಿದಾವು ಎಲ್ಲಾ ಒಂದ ನಮೂನಿ. 1959ರಾಗ ದಿಲ್ಲಿಯೊಳಗ ಟಿವಿ ಸುರು ಆತು, 1982ರಾಗ ಬಣ್ಣ ಬಂತು, 1984ರಾಗ ‘ಹಮ್ ಲೋಗ್’, 1987ರಾಗ ‘ರಾಮಾಯಣ’. ಆಮ್ಯಾಲ ನಟರು ಕುರ್ಚಿ ಮ್ಯಾಲ ಕುಂತು ತಮ್ಮ ನೆನಪ ಹೇಳತಾರ. ಮುಗೀತು.

ನಡುವ ಏನೂ ಆಗೇ ಇಲ್ಲೇನು? 1975ರ ಆಗಸ್ಟದಿಂದ ಒಂದ ವರ್ಷ ‘ಸೈಟ್’ ಅನ್ನೂ ಪ್ರಯೋಗ ನಡೀತು. ಅಮೇರಿಕಾದ ನಾಸಾದವ್ರ ಉಪಗ್ರಹ ಕಡಾ ತಗೊಂಡು, ಆರು ರಾಜ್ಯದ ಸುಮಾರು 2,400 ಹಳ್ಳಿಗೆ ಟಿವಿ ತೋರಿಸಿದ್ರು. ಅದ್ರಾಗ ನಮ್ಮ ಮಗ್ಗಲಿನ ವಿಜಾಪುರ ಜಿಲ್ಲಾನೂ ಇತ್ತು, ಗುಲಬರ್ಗಾ, ರಾಯಚೂರೂ ಇದ್ವು. ಮುಂಜಾನೆ ಸಾಲಿ ಹುಡುಗರಿಗೆ, ಸಂಜಿಕ ದೊಡ್ಡವ್ರಿಗೆ ಒಕ್ಕಲತನ, ಆರೋಗ್ಯದ ಮಾತು, ಅದೂ ಕನ್ನಡದಾಗ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರಾಗ. ರಾಜಧಾನಿಗಿಂತ ಮೊದಲ ನಮ್ಮ ಬಿಸಲ ನಾಡಿನ ಹಳ್ಳ್ಯಾಗ ಟಿವಿ ನೋಡ್ಯಾರ. ಇದನ್ನ ಎರಡ ನಿಮಿಷ ಹೇಳಾಕ ಏನ ಧಾಡಿ?

ರಾಮಾಯಣದ ಸುದ್ದಿ ಬಂದ್ರ ‘ರಸ್ತೆ ಖಾಲಿ ಆಗತಿದ್ವು’ ಅಂತಾರ. ಖರೆ. ಆದ್ರ ಆ ಮಂದಿ ಹೋಗಿದ್ದೆಲ್ಲಿ? ಟಿವಿ ಇದ್ದ ಒಬ್ಬರ ಮನಿ ಪಡಸಾಲ್ಯಾಗ ಕುಂತಿದ್ರು. ಐತವಾರ ಒಂಬತ್ತೂವರಿಯೊಳಗ ಆ ಮನಿ ಹೆಣ್ಣಮಕ್ಕಳು ರೊಟ್ಟಿ ಬಡದು, ಕಸಾ ಹೊಡದು, ಜಮಖಾನಿ ಹಾಸಿರಬೇಕು. ಮಂದಿ ಎದ್ದ ಹ್ವಾದ ಮ್ಯಾಲ ಮತ್ತ ಕಸಾ ಹೊಡೀಬೇಕು. ಹಿಂದಿ ಬರದ ಮುದುಕ್ಯಾರಿಗೆ ಸಾಲಿ ಓದೂ ಹುಡುಗ್ಯಾರು ಅರ್ಥ ಹೇಳಬೇಕು. ಶಂಕರ್‌ನಾಗ್ ಆಗುಂಬ್ಯಾಗ ತಗದ ‘ಮಾಲ್ಗುಡಿ ಡೇಸ್’ ಸುದ್ಧಾ ಬಂದಿದ್ದು ಹಿಂದಿ, ಇಂಗ್ಲೀಷಿನ್ಯಾಗ. ಕನ್ನಡದ ಮನ್ಯಾಗ ಅದನ್ನ ಹೆಂಗ ತಿಳಕೊಂಡ್ರು ಅಂತ ಒಬ್ಬರರೆ ಕೇಳ್ಯಾರೇನು?

ನಟರನ್ನ ತೋರಸಿದ್ರ ಮಂದಿ ನೋಡತಾರ, ನೋಡಿದವ್ರ ಕಥಿ ಯಾರಿಗೆ ಬೇಕು ಅಂತ ಕೆಲವ್ರು ಅಂತಾರ. ನೋಡವ್ರ ಇಲ್ಲದಿದ್ರ ಟಿವಿ ಮಾತಾಡೂದು ಗ್ವಾಡಿಗೆ ಮಾತಾಡಿದಂಗ ಅಲ್ಲೇನ್ರಿ?

1975ರಾಗ ಇಪ್ಪತ್ತೈದ ವರ್ಷ ಇದ್ದಾಕಿಗೆ ಈಗ ಎಪ್ಪತ್ತೈದ ದಾಟೇತಿ. ಸಾಕ್ಷ್ಯಚಿತ್ರ ಮಾಡವ್ರು ಕ್ಯಾಮೆರಾ ತಗೊಂಡ ಅಂಥವ್ರ ಮನಿ ಕಟ್ಟಿಗೆ ಬರಲಿ. ಅವ್ರು ಬರೂತನಕ ನಾವ ಕೇಳೂಣು. ವಿಜಾಪುರ ಕಡೆ ಕೊಟ್ಟ-ತಂದ ಸಂಬಂಧ ನಮ್ಮಲ್ಲೆ ಯಾರ ಮನ್ಯಾಗ ಇಲ್ಲ? ಮುಂದ ಹ್ವಾದಾಗ ಆ ಹಿರ್ಯಾರ ಮುಂದ ಮೊಬೈಲ್ ಹಿಡೀರಿ. ‘ಮೊದಲ ಟಿವಿ ಎಲ್ಲಿ ನೋಡಿದ್ರಿ?’ ಅಂತ ಇಷ್ಟ ಕೇಳ್ರಿ ಸಾಕು.