ಓಟದ ಕಾರೂ ನಿಯಮದ ಪುಸ್ತಕವೂ

ಕಾಲೇಜಿನ ವಿದ್ಯಾರ್ಥಿಗಳು ತಾವೇ ಓಟದ ಕಾರೊಂದನ್ನು ನಿರ್ಮಿಸಿ ಪಂದ್ಯಕ್ಕೆ ಒಯ್ಯುವ ಪದ್ಧತಿಯು 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಮೊದಲಾಯಿತು. ಅದೇ ಮಾದರಿಯ ‘ಫಾರ್ಮುಲಾ ಭಾರತ್’ ಪಂದ್ಯವು ನಮ್ಮಲ್ಲಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಎಂಬ ಓಟದ ಹಾದಿಯಲ್ಲಿ ನಡೆಯುತ್ತ ಬಂದಿದೆ. 1962ರಿಂದ ಎಂಜಿನಿಯರಿಂಗ್ ಕಾಲೇಜನ್ನು ಪಡೆದಿರುವ ಮಂಡ್ಯದ ತರುಣರಲ್ಲಿ ಈ ಹಂಬಲ ಹುಟ್ಟುವುದು ಸಹಜವೇ. ಆದರೆ ಹಂಬಲ ಹುಟ್ಟಿದೊಡನೆ ಅವರು ಕೇಳುವ ಮೊದಲ ಪ್ರಶ್ನೆ, “ಯಾವ ಎಂಜಿನ್ ಕೊಳ್ಳೋಣ?” ಎಂಬುದು. ಇದು ಕಡೆಯಲ್ಲಿ ಕೇಳತಕ್ಕ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಕಬ್ಬು ಮಾರಿ ಬಂದ ತಂದೆಯ ಹಣವನ್ನು ಕಬ್ಬಿಣಕ್ಕೆ ಸುರಿಯುವ ಮುನ್ನ ನಿಯಮದ ಪುಸ್ತಕವನ್ನು ಭೌತವಿಜ್ಞಾನದ ಪಾಠವೆಂದೇ ತಿಳಿದು ಓದಬೇಕು.

ಪೆಟ್ರೋಲ್ ವರ್ಗದ ಕಾರಿನ ಎಂಜಿನ್ 710 ಘನ ಸೆಂಟಿಮೀಟರನ್ನು ಮೀರಕೂಡದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರವು 1525 ಮಿಲಿಮೀಟರಿಗೆ ಕಡಮೆಯಿರಬಾರದು. ಎಂಜಿನ್ ಸೇದುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯ ಮೂಲಕ ಹಾಯಬೇಕು. ಈ ಮೂರರಲ್ಲಿ ಕಡೆಯದೇ ಒಡೆಯ.

ವಿಶ್ವೇಶ್ವರಯ್ಯ ನಾಲೆಯ ನೀರನ್ನು ಉಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ತೂಬು ಸಣ್ಣದಾದರೆ ಗದ್ದೆ ದೊಡ್ಡದಾಗಿ ಫಲವೇನು? ಗಾಳಿಯ ತೂಬಿನಲ್ಲಿ ಇನ್ನೊಂದು ವಿಶೇಷವುಂಟು. ಕಂಡಿಯಲ್ಲಿ ಗಾಳಿಯು ಶಬ್ದದ ವೇಗವನ್ನು ಮುಟ್ಟಿತೆಂದರೆ, ಎಂಜಿನ್ ಎಷ್ಟು ಬಲವಾಗಿ ಸೇದಿದರೂ ಹರಿವು ಹೆಚ್ಚದು. ಈಚೆ ಒತ್ತಡ ಇಳಿದ ಸುದ್ದಿಯೂ ಶಬ್ದದ ವೇಗದಲ್ಲಿಯೇ ಹೊರಡುವುದರಿಂದ, ಎದುರು ಬರುವ ಗಾಳಿಯನ್ನು ದಾಟಿ ಆಚೆಗೆ ತಲುಪಲಾರದು.

ಲೆಕ್ಕವನ್ನು ನೀವೇ ಹಾಕಿ ನೋಡಿರಿ. ಸಮುದ್ರಮಟ್ಟದಲ್ಲಿ ಈ ಕಂಡಿಯೊಳಗೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 74 ಗ್ರಾಂ ಗಾಳಿ ಹಾಯುವುದು. ಒಂದು ಗ್ರಾಂ ಪೆಟ್ರೋಲ್ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಂದರೆ ಸೆಕೆಂಡಿಗೆ 5 ಗ್ರಾಂ ಪೆಟ್ರೋಲ್. ಗ್ರಾಮಿಗೆ 44 ಕಿಲೋಜೌಲ್‌ನಂತೆ 220 ಕಿಲೋವಾಟ್ ಶಾಖ. ಅದರಲ್ಲಿ ಕಾಲುಭಾಗಕ್ಕೆ ತುಸು ಮಿಗಿಲಾಗಿ ಕೆಲಸವಾದರೆ ಸುಮಾರು 60 ಕಿಲೋವಾಟ್, ಅಥವಾ 80 ಅಶ್ವಶಕ್ತಿ. ಎಂಜಿನ್ನಿಗೆ ಎಷ್ಟು ಹಣ ಸುರಿದರೂ ಈ ಮಿತಿಯ ಆಸುಪಾಸಿನಲ್ಲಿಯೇ ನಿಲ್ಲಬೇಕು. (ಮಂಡ್ಯವು ಕೊಯಮತ್ತೂರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡ 3ರಷ್ಟು ಕಡಮೆ. ಇಲ್ಲಿ ಹದಗೊಳಿಸಿದ ಎಂಜಿನ್ನನ್ನು ಅಲ್ಲಿ ಪುನಃ ಪರೀಕ್ಷಿಸತಕ್ಕದ್ದು.)

ಹಾಗಾದರೆ 373 ಘನ ಸೆಂಟಿಮೀಟರಿನ, ಒಂದೇ ಸಿಲಿಂಡರಿನ ಮೋಟರ್‌ಸೈಕಲ್ ಎಂಜಿನ್ ಸಾಲದೇ? ನಿಮಿಷಕ್ಕೆ 9000 ಸುತ್ತುಗಳಲ್ಲಿ ಅದು ಸರಾಸರಿ 30 ಗ್ರಾಮಿನಷ್ಟು ಗಾಳಿಯನ್ನು ಮಾತ್ರ ಬೇಡುವುದು. ಕಂಡಿ ಅದಕ್ಕೆ ಧಾರಾಳವೆಂದು ತೋರುವುದು. ಆದರೆ ನಾಲ್ಕು ಸ್ಟ್ರೋಕುಗಳಲ್ಲಿ ಒಂದರಲ್ಲಷ್ಟೇ ಸೇದುವ ಎಂಜಿನ್ನಿಗೆ ಆ ಕ್ಷಣದಲ್ಲಿ ಬೇಕಾಗುವುದು 120 ಗ್ರಾಮಿನ ವೇಗದ ಹರಿವು! ಆದುದರಿಂದಲೇ ಕಂಡಿಗೂ ಎಂಜಿನ್ನಿಗೂ ನಡುವೆ ಗಾಳಿಯ ತೊಟ್ಟಿಯೊಂದನ್ನು ಇಡುವರು. ಕಂಡಿಯಿಂದ ಗಾಳಿ ಎಡೆಬಿಡದೆ ತೊಟ್ಟಿಗೆ ಹರಿಯುವುದು. ಎಂಜಿನ್ ತನಗೆ ಬೇಕಾದಾಗ ಅದರಿಂದ ಮೊಗೆದುಕೊಳ್ಳುವುದು. ತೊಟ್ಟಿಯ ಗಾತ್ರವೆಷ್ಟಿರಬೇಕೆಂಬುದೇ ಒಳ್ಳೆಯ ಪ್ರಯೋಗವಸ್ತು. ತೀರ ಹಿರಿದಾದರೆ ಚಾಲಕನ ಕಾಲಿನ ಅಣತಿಗೆ ಎಂಜಿನ್ ತಡವಾಗಿ ಓಗೊಡುವುದು.

ನಿಯಮಗಳು ಪ್ರತಿಭೆಯ ಕೈಕಟ್ಟುತ್ತವೆಂದು ಕೆಲವರ ದೂರು. ನಾನಿದನ್ನು ಒಪ್ಪಲಾರೆ. ಕಂಡಿಯ ನಿಯಮವಿಲ್ಲದಿದ್ದರೆ ಹಣವುಳ್ಳ ಕಾಲೇಜೇ ಗೆಲ್ಲುತ್ತಿತ್ತು. ಬಲಕ್ಕೆ ಮಿತಿಯಿಟ್ಟ ಇದೇ ಪುಸ್ತಕವು ಕಾರು ಇಷ್ಟಾದರೂ ಭಾರವಿರಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಜಾಣರಿಗೆ ಬಾಗಿಲು ತೆರೆದಿರುವುದು ಅಲ್ಲಿ. ಅಲ್ಲದೆ ಒಟ್ಟು 1000 ಅಂಕಗಳಲ್ಲಿ 150 ಅಂಕಗಳು ವಿನ್ಯಾಸಕ್ಕೆ, ಎಂದರೆ “ಹೀಗೇಕೆ ಮಾಡಿದಿರಿ?” ಎಂಬ ಪರೀಕ್ಷಕರ ಪ್ರಶ್ನೆಗೆ ಕೊಡುವ ಉತ್ತರಕ್ಕೆ ಮೀಸಲು. ಎಂಜಿನ್ ಮೊದಲು ಕೊಂಡು ಕಾರಣವನ್ನು ಆಮೇಲೆ ಹುಡುಕುವವರು ಅಲ್ಲಿ ತೊದಲುವರು.

ಮದ್ದೂರು, ಮಳವಳ್ಳಿಯ ಕಾಲೇಜುಗಳಲ್ಲಿ ಭೌತವಿಜ್ಞಾನ ಓದುವವರಿಗೆ ಇದು ತಮ್ಮದಲ್ಲದ ವಿಷಯವೆಂದು ತೋರಬಹುದು. ಮೇಲಿನ ಲೆಕ್ಕಕ್ಕೆ ಕಾರ್ಖಾನೆ ಬೇಕಿಲ್ಲವಷ್ಟೆ. ವಿದ್ಯುತ್ ವರ್ಗದ ನಿಯಮವನ್ನು ತೆಗೆದುಕೊಳ್ಳಿರಿ: ಬ್ಯಾಟರಿಯಿಂದ ಪಡೆಯುವ ಸಾಮರ್ಥ್ಯ 80 ಕಿಲೋವಾಟನ್ನೂ ವಿದ್ಯುದೊತ್ತಡ 600 ವೋಲ್ಟನ್ನೂ ಮೀರಬಾರದು. 600 ವೋಲ್ಟಿನಲ್ಲಿ ತಂತಿಯೊಳಗೆ ಹರಿಯುವುದು 133 ಆಂಪಿಯರ್. 300 ವೋಲ್ಟನ್ನು ಆರಿಸಿಕೊಂಡರೆ 267. ಅದೇ ತಂತಿಯಲ್ಲಿ ಕಾವು ನಾಲ್ಕುಮಡಿಯಾಗುವುದು. ತಂತಿಯನ್ನು ದಪ್ಪಗೊಳಿಸಿದರೆ ತಾಮ್ರದ ಭಾರ ಎಷ್ಟು ಹೆಚ್ಚುವುದೆಂಬುದನ್ನು ಈ ಸಂಜೆಯೇ ಲೆಕ್ಕಹಾಕಬಹುದು.